ಜಾಝ್ ಎಂದರೆ ಏಕವ್ಯಕ್ತಿ ವಾದನವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಜಾಝ್ ಕುರಿತ ಲೇಖನ ಸ್ವಾಗತಾರ್ಹ. ಆದರೆ ಒಬ್ಬ ಕಲಾವಿದ ಮುಂದೆ ನಿಂತು ಪ್ರತಿಭೆ ಮೆರೆಯುವುದು, ಉಳಿದವರು ಪಕ್ಕವಾದ್ಯ ನುಡಿಸುವುದು, ಇದೇ ಜಾಝ್ ಎಂಬ ಅದರ ವಿವರಣೆ ಈ ಸಂಗೀತದ ತವರಾದ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸಾಂಪ್ರದಾಯಿಕ ಶೈಲಿಗೆ ಹೊಂದುವುದಿಲ್ಲ. ಅಲ್ಲಿನ ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸ್ (1900–1968) ಅವರ ತಂಡದ ಮುದ್ರಿಕೆಗಳನ್ನು ಹಲವು ವರ್ಷಗಳಿಂದ ಕೇಳುತ್ತ ಬಂದವನಾಗಿ ಈ ಮಾತು ಬರೆಯುತ್ತಿದ್ದೇನೆ.

ಆ ತಂಡದಲ್ಲಿ ಟ್ರಂಪೆಟ್ ಮೂಲ ಧಾಟಿಯನ್ನು ಹಿಡಿದು ನಡೆದರೆ, ಜಿಮ್ ರಾಬಿನ್ಸನ್ ಅವರ ಟ್ರೊಂಬೋನ್ ಕೆಳಗಿನ ಸ್ವರಗಳಲ್ಲಿ ಜಾರುತ್ತ ಅದಕ್ಕೆ ಉತ್ತರ ಕೊಡುತ್ತದೆ. ಲೂಯಿಸರ ಕ್ಲಾರಿನೆಟ್ ಇವೆರಡರ ಮೇಲೆ ಬಳ್ಳಿಯ ಹಾಗೆ ಹಬ್ಬಿಕೊಳ್ಳುತ್ತದೆ. ಮೂವರೂ ಆ ಕ್ಷಣಕ್ಕೆ ಹೊಳೆದದ್ದನ್ನು ಏಕಕಾಲಕ್ಕೆ ನುಡಿಸುತ್ತಿದ್ದರೂ ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ. ಹೆಸರು ತಿಳಿಯದೆ ಕೇಳಿದವರು ಟ್ರಂಪೆಟ್‌ನವರನ್ನೇ ನಾಯಕರೆಂದು ಭಾವಿಸಿದರೆ ತಪ್ಪೇನಿಲ್ಲ.

ಲೂಯಿಸರು ಸ್ವರಲಿಪಿ ನೋಡಿ ನುಡಿಸುವವರಲ್ಲ, ಕಿವಿಯಿಂದ ಕಲಿತವರು. ಹೊಟ್ಟೆಪಾಡಿಗೆ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ ಅವರು 1944ರಲ್ಲಿ ಭಾರದ ಸರಕು ಎದೆಗೆ ಬಡಿದು ಹಾಸಿಗೆ ಹಿಡಿದಾಗ, ಬ್ಯಾಂಜೊ ವಾದಕ ಲಾರೆನ್ಸ್ ಮರೇರೊ ಮತ್ತು ಬಾಸ್ ವಾದಕ ಆಲ್ಸೀಡ್ ಪಾವಜೊ ವಾದ್ಯಗಳನ್ನು ಹೊತ್ತು ಅವರ ಮನೆಗೇ ಬಂದರು. ಸಂಗೀತ ಸಂಗ್ರಾಹಕ ಬಿಲ್ ರಸೆಲ್ ಅಲ್ಲಿಗೇ ಯಂತ್ರ ತಂದು ಮುದ್ರಿಸಿಕೊಂಡ 'ಬರ್ಗಂಡಿ ಸ್ಟ್ರೀಟ್ ಬ್ಲೂಸ್'ನಲ್ಲಿ ಟ್ರಂಪೆಟ್ ಇಲ್ಲ, ಡ್ರಮ್ಸ್ ಇಲ್ಲ. ಬ್ಯಾಂಜೊದ ಸಮಗತಿಯ ಮೀಟಿನ ಮೇಲೆ ಕ್ಲಾರಿನೆಟ್ ಒಂದೇ ಹಾಡಿಕೊಳ್ಳುತ್ತದೆ. ತಮ್ಮ ವಾದಕ್ಕೆ ಇದೇ ಸಾಕ್ಷಿಯೆಂದು ಲೇಖಕರು ಹೇಳಬಹುದು. ಆದರೆ ಆ ಇಬ್ಬರು ಹಾಸಿಗೆಯ ಬಳಿಗೆ ಬರದಿದ್ದರೆ ಆ ಮುದ್ರಿಕೆಯೇ ಇರುತ್ತಿರಲಿಲ್ಲ. ಮೊದಲು ಲೂಯಿಸರೊಡನೆ ನುಡಿಸುತ್ತಿದ್ದ ಟ್ರಂಪೆಟ್ ವಾದಕ ಬಂಕ್ ಜಾನ್ಸನ್ ದೂರವಾದ ಮೇಲೆ ಲೂಯಿಸರು ಮುನ್ನಡೆಸಿದ ತಂಡದಲ್ಲೂ ಇವರಿಬ್ಬರಿದ್ದರು.

ನಮ್ಮಲ್ಲಿ ಕ್ಲಾರಿನೆಟ್ ಎಂದೊಡನೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ ನೆನಪಾಗುತ್ತದೆ. ಲೂಯಿಸರೂ ಬೀದಿ ಬ್ಯಾಂಡುಗಳಲ್ಲಿ ನುಡಿಸಿದವರೇ. ಅಲ್ಲಿ ಶವಯಾತ್ರೆಗೂ ಬ್ಯಾಂಡ್ ಉಂಟು, ಸ್ಮಶಾನಕ್ಕೆ ಹೋಗುವಾಗ ನಿಧಾನದ ಭಕ್ತಿಗೀತೆ, ಮರಳುವಾಗ ಕುಣಿಸುವ ಗತಿ. 1961ರಲ್ಲಿ ಅದೇ ಊರಿನಲ್ಲಿ ಆರಂಭವಾದ ಸಂಗೀತ ಸಭಾಂಗಣ ಪ್ರಿಸರ್ವೇಶನ್ ಹಾಲ್‌ನಲ್ಲಿ ಅವರು ಕೊನೆಯ ವರ್ಷಗಳವರೆಗೂ ನುಡಿಸಿದರು, ಜಪಾನಿಗೂ ತಂಡ ಕರೆದೊಯ್ದರು.

ಲೇಖನಮಾಲೆ ಮುಂದುವರಿಯುವುದಾದರೆ ಒಂದು ಕಂತನ್ನು ಈ ಸಾಮೂಹಿಕ ಮನೋಧರ್ಮಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಧಾರವಾಡ