31ಕ್ಕೆ ಪಟೇಲರ ಜಯಂತಿ: ಮಕ್ಕಳ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಅಕ್ಟೋಬರ್ 31, ಸಂಜೆ 5ಕ್ಕೆ ಓಣಿಯ ಹನುಮಪ್ಪನ ಗುಡಿ ಕಟ್ಟೆಯಲ್ಲಿ ಸೇರೋಣ. ಹೈಸ್ಕೂಲ್ ಮಕ್ಕಳು ಸರ್ದಾರ್ ಪಟೇಲರ ಬಗ್ಗೆ 3 ನಿಮಿಷ ಮಾತಾಡುತ್ತಾರೆ.

ಸುಮ್ನೆ ಹುಟ್ಟಿದ ಊರು, ತೀರಿಕೊಂಡ ವರ್ಷ ಬಾಯಿಪಾಠ ಬೇಡ. 1928ರ ಗುಜರಾತಿನ ಬಾರ್ಡೋಲಿ ರೈತರ ಹೋರಾಟ ಒಬ್ಬರು ತಗೊಳ್ಳಿ. 'ಸರ್ದಾರ್' ಅನ್ನೋ ಹೆಸರು ಬಂದಿದ್ದೇ ಅಲ್ಲಿಂದ. 1948ರ ಸೆಪ್ಟೆಂಬರ್ ಮಾತ್ರ ಬಿಡಲೇಬೇಡಿ. ದೇಶಕ್ಕೆ ಸ್ವಾತಂತ್ರ್ಯ ಬಂದು 13 ತಿಂಗಳಾದರೂ ನಮ್ಮ ಕೊಪ್ಪಳ ಹೈದರಾಬಾದ್ ನಿಜಾಮರ ಕೈಯಲ್ಲೇ ಇತ್ತು, ಅಲ್ವಾ? ಪಟೇಲರು ಗೃಹಮಂತ್ರಿಯಾಗಿದ್ದಾಗ 13ರಂದು ಭಾರತದ ಸೈನ್ಯ ಹೈದರಾಬಾದಿಗೆ ಹೊರಟಿತು. 17ಕ್ಕೆ ನಿಜಾಮರು ಸೋಲೊಪ್ಪಿದರು.

ಆ ದಿನ ಕಂಡ ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ದಯವಿಟ್ಟು ಕರೆತನ್ನಿ. ಮುಂದಿನ ಸಾಲಲ್ಲಿ ಕುರ್ಚಿ ಅವರಿಗೇ. ಮಿರ್ಚಿ, ಮಂಡಕ್ಕಿ ಇರುತ್ತದೆ.

ಮಕ್ಕಳ ಹೆಸರು, ವಿಷಯ 28ರೊಳಗೆ ಇಲ್ಲೇ ಹಾಕಿ.