ಭತ್ತದ ನಾಡಿನಲ್ಲಿ ಜೋಳ ಯಾಕೆ ಬಿತ್ತಿದೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶರಣು,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಕಾಲುವೆ ಇದ್ದೂ ಜೋಳ ಯಾಕೋ ಬಿತ್ತಿದೆ?" ಅಂತ. ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಕರೆಗೆ ಎಷ್ಟು ಚೀಲ ಅಂತ ನೀನು ಲೆಕ್ಕ ಹಾಕುತ್ತೀ. ನಾನೂ ಹಾಗೇ ಹಾಕುತ್ತಿದ್ದೆ. ಆದರೆ ನಮ್ಮ ರಾಯಚೂರು ಕಡೆ ವರ್ಷಕ್ಕೆ ಬೀಳುವ ಮಳೆಯೇ ಸುಮಾರು 600 ಮಿಲಿಮೀಟರ್. ಭತ್ತಕ್ಕೆ ಅದರ ಎರಡು ಪಟ್ಟು ನೀರು ಬೇಕು. ನಮ್ಮ ಕಾಲುವೆಗೆ ನೀರು ಬರುವುದು ತುಂಗಭದ್ರಾ ಡ್ಯಾಮಿನಿಂದ. ಸಿಂಧನೂರಿನಲ್ಲಿ ಕೂತವನ ಕಿಸೆ ತುಂಬಬೇಕಾದರೆ ಚಿಕ್ಕಮಗಳೂರು, ಶಿವಮೊಗ್ಗದ ಕಡೆ ಮಳೆ ಸುರಿಯಬೇಕು. 2023ರಲ್ಲಿ ಆ ಮಳೆ ಕೈಕೊಟ್ಟಿತು. ಎರಡನೇ ಬೆಳೆಗೆ ನೀರೇ ಬರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದ ವರ್ಷ ಅದು. ಮರುವರ್ಷ ಡ್ಯಾಮ್ ತುಂಬಿತು ಅಂತ ಖುಷಿಪಡುವಾಗಲೇ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಯಿತು. ಕಾಲುವೆಯ ಕೊನೆಯಲ್ಲಿರುವ ನಮಗೆ ಆಮೇಲೆ ಎಷ್ಟೋ ದಿನ ನಿದ್ದೆ ಬರಲಿಲ್ಲ.

ನೀರು ಬಂದರೂ ಬೇಸಿಗೆ ಭತ್ತವನ್ನು ಬಿಸಿಲು ಬಿಡುವುದಿಲ್ಲ. ಹೂ ಬಿಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಸಾಯುತ್ತದೆ, ಕಾಳು ಜೊಳ್ಳಾಗುತ್ತದೆ. ನಮ್ಮ ಮಾರ್ಚ್ ಹೇಗಿರುತ್ತದೆ ಅಂತ ನಿನಗೆ ಗೊತ್ತೇ ಇದೆ, ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ನೆಲ. ಇಲ್ಲಿ ಬೀಳುವ ಮಳೆಗಿಂತ ಬಿಸಿಲು ಎಳೆದುಕೊಳ್ಳುವ ನೀರೇ ಹೆಚ್ಚು. ಗದ್ದೆಯಲ್ಲಿ ಸದಾ ನೀರು ನಿಲ್ಲಿಸಿದರೆ ಒಳಗಿನ ಉಪ್ಪು ಮೇಲೆ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ಕೆಳಗಿನ ಹೊಲದ ಮೂಲೆ ಹಾಗೇ ಸವಳಾಯಿತು. ಚಿಕ್ಕವರಿದ್ದಾಗ ಕವಣೆ ಹಿಡಿದು ಗುಬ್ಬಿ ಓಡಿಸುತ್ತಿದ್ದೆವಲ್ಲ, ಅದೇ ಮೂಲೆ. ಈಗ ಅಲ್ಲಿ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಗುಬ್ಬಿಯೂ ಇಲ್ಲ. ನೋಡಿದಾಗಲೆಲ್ಲ ಕರುಳು ಚುರ್ ಅನ್ನುತ್ತದೆ.

ಅದಕ್ಕೇ ಮೇಲಿನ ಎರಡು ಎಕರೆ ಎರೆಗೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ಮಾಲದಂಡಿ ಅನ್ನುವ ಹಿಂಗಾರು ಜೋಳ ಬಿತ್ತಿದೆ. ಮಳೆಗಾಲದಲ್ಲಿ ಎರೆ ಕುಡಿದಿಟ್ಟುಕೊಂಡ ತೇವ, ಮೇಲಿಷ್ಟು ಹಿಂಗಾರು ಮಳೆ, ಚಳಿ. ಅದರಲ್ಲೇ ತೆನೆಗೆ ಬರುತ್ತದೆ. ಭತ್ತದಷ್ಟು ರೊಕ್ಕ ಬರುವುದಿಲ್ಲ, ಅದು ನಿಜ. 2023ರಲ್ಲಿ ಪಕ್ಕದ ಹೊಲದ ಜೋಳವೂ ಸೊರಗಿತ್ತು. ಆದರೂ ಅವರ ದನಗಳಿಗೆ ಕಣಿಕೆ ಸಿಕ್ಕಿತು, ಅವರ ಸಾಲ ಏರಲಿಲ್ಲ. ನನ್ನದು ಏರಿತು. ಭತ್ತ ಪೂರ್ತಿ ಬಿಟ್ಟಿಲ್ಲ ಕಣೋ. ಕೆಳಗಿನ ಹೊಲದಲ್ಲಿ ಇನ್ನು ವರ್ಷಕ್ಕೆ ಒಂದೇ ಬೆಳೆ.

ಎಳ್ಳ ಅಮಾವಾಸ್ಯೆಗೆ ತಪ್ಪದೆ ಬಾ. ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಲು ಅವ್ವ ಇಷ್ಟು ವರ್ಷ ಪಕ್ಕದವರ ಜೋಳದ ಹೊಲಕ್ಕೆ ಹೋಗುತ್ತಿದ್ದಳು. ಈ ಸಲ ನಮ್ಮದರಲ್ಲೇ ಚೆಲ್ಲುತ್ತೇವೆ.

ನಿನ್ನ
ಅಮರೇಶ