ಅಜ್ಜನಿಗೊಂದು ಕಾಟ್

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಹೋದ ಸಂಚಿಕೆಯ ಮೂಲೆಯಲ್ಲಿ ನಾನೇ ಒಂದು ಸಾಲು ತುರುಕಿದ್ದೆ: 'ಊರಿಂದ ಅಪ್ಪ ಬರುತ್ತಿದ್ದಾರೆ, ಮೂರು ತಿಂಗಳಿಗೆ ಒಂದು ಕಾಟ್ ಬೇಕು.' ಇಲ್ಲೇ ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದ ನಮ್ಮ ಕನ್ನಡ ಸಂಘದ ಸದಸ್ಯರೊಬ್ಬರಿಗೆ ಅವರ ಅಮ್ಮ ಅದನ್ನು ಓದಿ ಹೇಳಿದರಂತೆ. ಎರಡೇ ದಿನದಲ್ಲಿ ತಂದಿಳಿಸಿದರು. ಬಿಳಿ ಬಣ್ಣ, ಸುತ್ತ ಕಂಬಿ, ಮೇಲೆ ತೂಗಾಡುವ ಆನೆಮರಿಗಳು. ಮಗಳು ಬಿದ್ದು ಬಿದ್ದು ನಕ್ಕಳು. "ಅಜ್ಜ ಪಾಪುನಾ?"

ತಪ್ಪು ಅವರದಲ್ಲ. ಬ್ರಿಟನ್ನಿನಲ್ಲಿ ಕಾಟ್ ಅಂದರೆ ಕೂಸಿನ ಮಂಚ. ಅಮೆರಿಕದವರಿಗೆ ಅದು ಮಡಚಿಡುವ ಕ್ಯಾಂಪಿನ ಹಾಸಿಗೆ. ಡಬಲ್ ಕಾಟ್, ದಿವಾನ್ ಕಾಟ್ ಎಲ್ಲ ನಮ್ಮವು.

ಸಂಪಾದಕೀಯ ಬರೆಯೋದು ಬಿಟ್ಟು ರಾತ್ರಿ ನಿಘಂಟು ಹಿಡಿದು ಕೂತೆ. ನೋಡಿದರೆ ಪದ ಇಲ್ಲಿಯದೇ ಅಲ್ಲ! ಹಿಂದಿಯ ಖಾಟ್, ಅದರ ಹಿಂದೆ ಸಂಸ್ಕೃತದ ಖಟ್ವಾ. 1634ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲೇ ಇಂಗ್ಲಿಷ್ ಪ್ರವಾಸಿ ಥಾಮಸ್ ಹರ್ಬರ್ಟ್ ಕಾಟ್ ಮೇಲೆ ಮಲಗುವವರ ಬಗ್ಗೆ ಬರೆದಿದ್ದಾನೆ. ಆಮೇಲೆ ಹಡಗಿನವರು ತಮ್ಮ ತೂಗುಹಾಸಿಗೆಗೂ ಅದೇ ಹೆಸರಿಟ್ಟರು. ಕೂಸಿನ ಪಾಲಿಗೆ ಬಂದದ್ದು 19ನೇ ಶತಮಾನದಲ್ಲಿ. ಕಾಟೇಜಿನೊಳಗೆ ಕೂತ ಕಾಟ್ ಬೇರೆ, ಅದು ಹಳೆಯ ಇಂಗ್ಲಿಷಿನ ಗುಡಿಸಲು.

ಖಟ್ವಾದ ಬೇರು ದ್ರಾವಿಡದ್ದಿರಬೇಕು ಅನ್ನುವವರಿದ್ದಾರೆ. ತಮಿಳಿನಲ್ಲಿ ಮಂಚಕ್ಕೆ ಕಟ್ಟಿಲ್. ಅಂದರೆ ಕಟ್ಟಿದ್ದು, ನಮ್ಮ 'ಕಟ್ಟು' ಇದೆಯಲ್ಲ, ಅದೇ. ನನಗಂತೂ ಈ ಮಾತು ಒಪ್ಪಿಗೆ, ಯಾಕಂದರೆ ನಮ್ಮಜ್ಜನ ಹೊರಸು ಕಟ್ಟುವುದನ್ನು ಕಣ್ಣಾರೆ ನೋಡಿದ್ದೇನೆ. ನಾಲ್ಕು ಕಾಲು, ನಾಲ್ಕು ಪಟ್ಟಿ, ಉಳಿದದ್ದೆಲ್ಲ ಪುಂಡಿನಾರಿನ ಹಗ್ಗ. ಬ್ಯಾಸಗಿ ಬಂತಂದರೆ ಅದು ಅಂಗಳಕ್ಕೆ ಬರುತ್ತಿತ್ತು. ವರ್ಷವಿಡೀ ಮಲಗಿ ನಡುವೆ ಜೋತಿರುತ್ತಿತ್ತಲ್ಲ, ಕಾಲ್ದೆಸೆಯ ಹಗ್ಗ ಬಿಚ್ಚಿ, ಪಟ್ಟಿಗೆ ಒಂದು ಪಾದ ಒತ್ತಿ ಹಿಡಿದು ಅಜ್ಜ ಎಳೆಯುತ್ತಿದ್ದ. "ಜಗ್ಗಲೇ, ಇನ್ನಾ ಜಗ್ಗು!" ನಾವು ನಾಲ್ಕು ಹುಡುಗರು ಹಿಂದೆ ಸಾಲಾಗಿ ಜಗ್ಗುತ್ತಿದ್ದೆವು. ಹಗ್ಗ ತುಂಡಾದರೆ ನಾಲ್ವರೂ ಮಣ್ಣಿನ ಮೇಲೆ. ಬಿಗಿಯಾಯಿತೋ ಇಲ್ಲವೋ ನೋಡಲು ಅಜ್ಜ ಅಂಗೈಯಿಂದ ಬಡಿಯುತ್ತಿದ್ದ, ಹಲಗೆ ಬಡಿದ ಹಾಗೆ. ಮೊದಲ ರಾತ್ರಿ ಅದರ ಮೇಲೆ ಮಲಗಲು ನಮ್ಮೊಳಗೆ ಜಗಳ. ಬೆಳಿಗ್ಗೆ ಎದ್ದರೆ ಬೆನ್ನ ತುಂಬಾ ಹಗ್ಗದ ಗುರುತು.

ಅಯ್ಯೋ, ಪುಟ ಮುಗಿಯುತ್ತಾ ಬಂತು. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಅದೇ ಹಾಲ್, ಮಧ್ಯಾಹ್ನ 3ಕ್ಕೆ. ಗಾಯನದ ಅಭ್ಯಾಸ ಭಾನುವಾರ. ಹೋಳಿಗೆಗೆ ಹೆಸರು ಕೊಟ್ಟವರು ಇಬ್ಬರೇ, ಊಟಕ್ಕೆ ಹೆಸರು ಕೊಟ್ಟವರು 140! ಕನ್ನಡ ಟೈಪಿಂಗ್ ಬರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಇದನ್ನು ರಾತ್ರಿ ಒಂದೂವರೆಗೆ ಒಬ್ಬನೇ ಕುಟ್ಟುತ್ತಿದ್ದೇನೆ, ನಾಳೆ ಆಫೀಸಿದೆ.

ಅಪ್ಪ ಸೋಫಾದ ಮೇಲೆ ಮಲಗುತ್ತಿದ್ದಾರೆ. ದೊಡ್ಡವರ ಮಂಚ ಇನ್ನೂ ಬೇಕು. ಪಾಪುವಿನ ಕಾಟ್ ನಮ್ಮ ಗರಾಜಿನಲ್ಲೇ ಇದೆ, ತಂದುಕೊಟ್ಟವರು ವಾಪಸ್ ಬೇಡ ಅಂದಿದ್ದಾರೆ. ಬೇಕಾದವರು ಬಂದು ಒಯ್ಯಿರಿ. ಸ್ಕ್ರೂಗಳು ಉಪ್ಪಿನಕಾಯಿ ಡಬ್ಬಿಯಲ್ಲಿವೆ.